ರೀಸರ್ಚ್ ಅಂದ್ರ ಏನ್ರಿ? ಔಷಧ ಮತ್ತು ಫಿಸಿಕ್ಸ್ ಸಂಶೋಧನೆ ಬಗ್ಗೆ ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಬಹಳ ವರ್ಷ ಫಿಸಿಕ್ಸ್ ಕಲಿಸಿದೆ. ನಿವೃತ್ತಿ ಹತ್ತಿರ ಬಂದಾಗ ಒಂದು ಮೆಡಿಕಲ್ ಕಾಲೇಜಿನವರು, ತಮ್ಮ ಎಥಿಕ್ಸ್ ಕಮಿಟಿಗೆ (ಮನುಷ್ಯರ ಮೇಲಿನ ಅಧ್ಯಯನಕ್ಕೆ ಒಪ್ಪಿಗೆ ಕೊಡಬೇಕಾ ಬೇಡವಾ ಅಂತ ನೋಡುವ ಸಮಿತಿ) ಡಾಕ್ಟರ್ ಅಲ್ಲದ ಒಬ್ಬರು ಬೇಕು ಅಂತ ಕರೆದರು. ಹೋಗಿ ಕೂತೆ. ಅವತ್ತಿನಿಂದ ಮದುವೆ ಊಟದ ಪಂಕ್ತಿಯಲ್ಲಿ, ವಿಜಯಪುರದ ಬಸ್ಸಿನಲ್ಲಿ, ಹಳೆ ವಿದ್ಯಾರ್ಥಿಗಳ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಬರುತ್ತಲೇ ಇವೆ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಆರಾಮ ಅಂತ ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತನ್ನು ತಿದ್ದಿಲ್ಲ. ಸುಲಭದ್ದು ಮೊದಲು, ತಲೆ ಕೆರೆಯುವಂಥದ್ದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿ. ಒಂದು ಮಾತು: ನಾನು ಡಾಕ್ಟರ್ ಅಲ್ಲ. ನಿಮ್ಮ ಗುಳಿಗೆ ವಿಷಯ ನಿಮ್ಮ ಡಾಕ್ಟರನ್ನೇ ಕೇಳಬೇಕು.

ಮೊದಲಿಗೆ ಬರುವ ಪ್ರಶ್ನೆಗಳು

"ಗೂಗಲ್‌ನಾಗ ಹುಡುಕೂದೂ ರೀಸರ್ಚೇ ಅಲ್ಲೇನ್ರಿ ಸರ್?"

ಅದು ಹುಡುಕಾಟ. ಬೇರೆಯವರು ಕಂಡುಕೊಂಡಿದ್ದನ್ನು ನೀವು ಓದುತ್ತಿದ್ದೀರಿ. ಸಂಶೋಧನೆ ಅಂದರೆ ಇನ್ನೂ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಇಟ್ಟುಕೊಂಡು, ಅದನ್ನು ಹೇಗೆ ಅಳೆಯುತ್ತೇವೆ ಅಂತ ಮೊದಲೇ ಬರೆದಿಟ್ಟು, ಅಳೆದು, ಬಂದ ಉತ್ತರ ನಮಗೆ ಇಷ್ಟ ಆಗದಿದ್ದರೂ ಹೇಳುವುದು. ಕೊನೆಯದೇ ಕಷ್ಟ. "ಮೊದಲೇ ಬರೆದಿಟ್ಟು" ಅನ್ನುವುದೂ ಮುಖ್ಯ. ಗೋಡೆಗೆ ಕಲ್ಲು ಹೊಡೆದು, ಆಮೇಲೆ ಅದು ಬಿದ್ದ ಜಾಗದ ಸುತ್ತ ವೃತ್ತ ಬರೆದು "ನೋಡ್ರಿ, ಗುರಿ ಮುಟ್ಟಿದೆ" ಅಂದರೆ ಯಾರು ಒಪ್ಪುತ್ತಾರೆ? ಭಾರತದಲ್ಲಿ ಔಷಧದ ಪ್ರಯೋಗ ಶುರು ಮಾಡುವ ಮೊದಲು ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ಅದನ್ನು ನೋಂದಾಯಿಸಬೇಕು. ಆ ದಾಖಲೆ 2007ರಲ್ಲಿ ಶುರುವಾಯಿತು, 2009ರಿಂದ ಕಡ್ಡಾಯ. ಯಾರು ಬೇಕಾದರೂ ತೆರೆದು ನೋಡಬಹುದು.

"ಇಂಥಾವೆಲ್ಲಾ ಬೆಂಗಳೂರು, ದಿಲ್ಲಿ ಕಡೆ ಆಗ್ತಾವು. ನಮ್ಮ ಕಡೆ ಏನೈತಿ?"

ಈ ಪ್ರಶ್ನೆ ಕೇಳಿದಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆಮೇಲೆ ಬೆಳಗಾವಿಯ ಕಥೆ ಹೇಳುತ್ತೇನೆ.

ಹೆರಿಗೆ ಆದಮೇಲೆ ರಕ್ತ ನಿಲ್ಲದೆ ಹೋಗುವುದು ಬಾಣಂತಿಯರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಣ್ಣಗೆ ಇಡಬೇಕು, ಚುಚ್ಚಲು ಬರಬೇಕು. ಹಳ್ಳಿಯ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಹೆರಿಗೆ ಆದರೆ ಫ್ರಿಜ್ ಎಲ್ಲಿಂದ ತರುವುದು? ಮಿಸೊಪ್ರೊಸ್ಟಾಲ್ ಅನ್ನುವ ಗುಳಿಗೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಅದು ಕೆಲಸ ಮಾಡುತ್ತದಾ? ಇದನ್ನು ನೋಡಲು ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಣ್ಣುಮಕ್ಕಳ ಮೇಲೆ ಅಧ್ಯಯನ ಮಾಡಿದರು. ಗುಳಿಗೆ ಕೊಟ್ಟವರು ದೊಡ್ಡ ಸ್ಪೆಷಲಿಸ್ಟರಲ್ಲ, ಉಪಕೇಂದ್ರಗಳ ಎಎನ್‌ಎಂ ಸಿಸ್ಟರ್‌ಗಳು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ 100ಕ್ಕೆ 6.4 ಜನರಿಗೆ ಅತಿ ರಕ್ತಸ್ರಾವ ಆಯಿತು, ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ 12. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇದೊಂದೇ ಅಲ್ಲ. ಐಸಿಎಂಆರ್ ಅಂದರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಅದರ ಪಾರಂಪರಿಕ ವೈದ್ಯ ಸಂಶೋಧನಾ ಸಂಸ್ಥೆ ಬೆಳಗಾವಿಯಲ್ಲಿದೆ. ವಿಜಯಪುರ, ಬಾಗಲಕೋಟೆಯ ಮೆಡಿಕಲ್ ಕಾಲೇಜುಗಳಲ್ಲಿ ಎಂಡಿ ಮಾಡುವ ಪ್ರತಿಯೊಬ್ಬರೂ ಒಂದು ಅಧ್ಯಯನ ಮಾಡಿ ಥೀಸಿಸ್ ಬರೆಯಲೇಬೇಕು. ಇನ್ನು ಫಿಸಿಕ್ಸ್ ಅಂದರೆ, ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಯ ಆಳದಲ್ಲೇ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ (ಬಹುತೇಕ ಯಾವುದಕ್ಕೂ ತಾಕದೆ ತೂರಿ ಹೋಗುವ ಅತಿ ಸಣ್ಣ ಕಣಗಳು) ಗುರುತು ಸಿಕ್ಕಿದ್ದು.

"ರಕ್ತ ಎಷ್ಟು ಹೋತು ಅಂತ ಸಿಸ್ಟರ್‌ಗೆ ಕಣ್ಣಿಗೇ ಕಾಣತೈತಲ್ರಿ. ಅದನ್ನ ಅಳೆಯೂದು ಯಾಕ?"

ನನ್ನ ಅಕ್ಕ ಕೇಳಿದ ಪ್ರಶ್ನೆ. ಮೂರು ಹೆರಿಗೆ ನೋಡಿದವಳು, ಅವಳಿಗೆ ಅನುಮಾನವೇ ಇರಲಿಲ್ಲ.

ಅತಿ ರಕ್ತಸ್ರಾವ ಅಂದರೆ 500 ಮಿಲಿ ಅಥವಾ ಅದಕ್ಕಿಂತ ಜಾಸ್ತಿ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ನೆನಪಿಸಿಕೊಳ್ಳಿ. ಅದನ್ನು ಹಳೆ ಸೀರೆ, ಗೋಣಿಚೀಲ, ನೆಲ ಎಲ್ಲದರ ಮೇಲೆ ಚೆಲ್ಲಿ, ಮಬ್ಬು ಬೆಳಕಿನಲ್ಲಿ ನಿಂತು ಎಷ್ಟಿದೆ ಹೇಳಿ ಅಂದರೆ ಹೇಳಲು ಆಗುತ್ತಾ? ಬಟ್ಟೆ ಹೀರಿಕೊಂಡದ್ದು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಬೆಳಗಾವಿಯ ಅಧ್ಯಯನದವರು ಒಂದು ಸಾದಾ ಸಾಧನ ಬಳಸಿದರು. ತೆಳು ಪ್ಲಾಸ್ಟಿಕ್ ಹಾಳೆ. ಬಾಣಂತಿಯ ಕೆಳಗೆ ಹಾಸಬೇಕು. ಅದರ ತುದಿ ಲಾಳಿಕೆಯ ಹಾಗೆ ಕೆಳಗೆ ಇಳಿದು ಚೀಲವಾಗುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಯಾವ ಗೆರೆಗೆ ಬಂತು ಅಂತ ಓದಿದರೆ ಮುಗಿಯಿತು. ಕಣ್ಣಳತೆಯನ್ನೂ ಈ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಿದಾಗ ಕಣ್ಣಳತೆ ಸುಮಾರು ಮೂರನೇ ಒಂದು ಪಾಲು ಕಡಿಮೆ ಬರುತ್ತಿತ್ತು. ಅಂದರೆ 600 ಮಿಲಿ ಹೋದ ಬಾಣಂತಿಯನ್ನು ನೋಡಿ "400 ಇರಬಹುದು, ಏನೂ ಆಗಲ್ಲ" ಅಂತ ಹೇಳುವ ಸಾಧ್ಯತೆ.

ನನಗೆ ಗುಳಿಗೆಗಿಂತ ಈ ಹಾಳೆಯ ಮೇಲೆ ಪ್ರೀತಿ ಜಾಸ್ತಿ. ಫಿಸಿಕ್ಸ್ ಮೇಷ್ಟ್ರ ಹಣೆಬರಹ. ಇಂಥದ್ದೇ ಗೆರೆ ಹಾಕಿದ ಹಾಳೆಯನ್ನು ಆಮೇಲೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನದಲ್ಲಿ ಬಳಸಿದರು. ಬೇಗ ಗುರುತಿಸಿ, ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ಗಂಭೀರ ತೊಂದರೆ ಶೇಕಡಾ 60ರಷ್ಟು ಇಳಿಯಿತು. ಅದು 2023ರ ಫಲಿತಾಂಶ.

"ನೆಲನೆಲ್ಲಿ ಕಷಾಯ ಕುಡಿದು ನಮ್ಮ ಹುಡುಗನ ಕಾಮಣಿ ಹೋತು. ಇದಕ್ಕಿಂತ ಪುರಾವೆ ಬೇಕೇನ್ರಿ?"

ಹುಡುಗ ಚೆನ್ನಾಗಿದ್ದಾನಲ್ಲ, ಅದು ಸಂತೋಷ. ಆದರೆ ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುತೇಕ ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಷಾಯ ಕುಡಿಯದಿದ್ದರೆ ಏನಾಗುತ್ತಿತ್ತು ಅಂತ ತಿಳಿಯಲು, ಅದೇ ಕಾಯಿಲೆಯ, ಕಷಾಯ ಕುಡಿಯದ ಇನ್ನೊಂದು ಗುಂಪು ಬೇಕು.

ನೆಲನೆಲ್ಲಿಗೆ ಅಂಥ ಪರೀಕ್ಷೆಯೂ ಆಗಿದೆ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಉಳಿದುಕೊಂಡಿದ್ದವರಿಗೆ ಅದನ್ನು ಕೊಟ್ಟರು. 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಹೋಯಿತು, ಕೊಡದ 23 ಜನರಲ್ಲಿ ಒಬ್ಬರದು ಮಾತ್ರ. ಜಗತ್ತೇ ತಿರುಗಿ ನೋಡಿತು. ಬೇರೆ ಕಡೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. ಗಿಡದ ಜಾತಿ ಬೇರೆಯಾ, ಕಿತ್ತ ಕಾಲ ಬೇರೆಯಾ, ಮೊದಲ ಸಲ ಬಂದದ್ದು ಅದೃಷ್ಟವಾ ಅನ್ನುವ ಚರ್ಚೆ ಬಹಳ ನಡೆಯಿತು. ನಾನು ಹೇಳುವುದಿಷ್ಟು: ಕಣ್ಣು ಹಳದಿ ಆದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬಸುರಿಯರಿಗೆ ಬಂದರಂತೂ ಒಂದು ದಿನವೂ ಕಾಯಬೇಡಿ.

"ಯಾರಿಗೆ ಯಾವ ಔಷಧ ಅನ್ನೂದನ್ನ ಚೀಟಿ ಎತ್ತಿ ಮಾಡ್ತಾರಂತ, ಖರೇನ? ಜೀವದ ಜೋಡಿ ಆಟ ಆಡಿದಂಗ ಆಗಲಿಲ್ಲೇನು?"

ಖರೆ. ಈಗ ಕಂಪ್ಯೂಟರ್ ಎತ್ತುತ್ತದೆ, ಅಷ್ಟೇ.

ಚೀಟಿ ಇಲ್ಲದೆ ಡಾಕ್ಟರೇ ಆರಿಸಿದರೆ ಏನಾಗುತ್ತದೆ? ಗಟ್ಟಿಮುಟ್ಟಾದವರಿಗೆ ಹೊಸ ಔಷಧ, ತೀರಾ ಸೋತವರಿಗೆ ಹಳೆಯದು ಅಥವಾ ಅದರ ಉಲ್ಟಾ. ಆಮೇಲೆ ವ್ಯತ್ಯಾಸ ಬಂದರೆ ಅದು ಔಷಧದ್ದಾ, ಮನುಷ್ಯನದ್ದಾ ಗೊತ್ತಾಗುವುದಿಲ್ಲ. ಚೀಟಿಗೆ ಮುಖ ನೋಡಲು ಬರುವುದಿಲ್ಲ. ಬಡವರು, ಸಾಹುಕಾರರು, ತಂಬಾಕು ತಿನ್ನುವವರು, ತಿನ್ನದವರು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ನಮಗೆ ಗೊತ್ತೇ ಇಲ್ಲದ ವ್ಯತ್ಯಾಸಗಳೂ ಹಂಚಿಹೋಗುತ್ತವೆ.

1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ ಹೀಗೇ ಬಂದದ್ದು. ಔಷಧವೇ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ, ಹಾಗಾಗಿ ಚೀಟಿಯೇ ನ್ಯಾಯ ಅನ್ನಿಸಿತ್ತು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ ಸತ್ತರು, ಹಾಸಿಗೆಯ ವಿಶ್ರಾಂತಿ ಮಾತ್ರ ಸಿಕ್ಕ 52 ಜನರಲ್ಲಿ 14. ಚೀಟಿ ಎತ್ತುವುದಕ್ಕೆ ಒಂದು ಷರತ್ತು ಇದೆ: ಯಾವುದು ಮೇಲು ಅಂತ ನಿಜವಾಗಿಯೂ ಗೊತ್ತಿರಬಾರದು. ಗೊತ್ತಿದ್ದೂ ಚೀಟಿ ಎತ್ತಿದರೆ ನೀವು ಅಂದ ಮಾತು ಸರಿ.

"ಸುಳ್ಳ ಗುಳಿಗಿ ಕೊಟ್ಟು ಮೋಸ ಮಾಡೂದು ಯಾವ ನ್ಯಾಯ?"

"ನಿಮಗೆ ಔಷಧವೂ ಬರಬಹುದು, ಬರೀ ಹಿಟ್ಟಿನ ಗುಳಿಗೆಯೂ ಬರಬಹುದು" ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆದಿರುತ್ತಾರೆ. ಹೇಳಿದ್ದರೆ ಮೋಸ ಅಲ್ಲ. ಆದರೆ ಆ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಈಗಾಗಲೇ ಇದ್ದು, ಅದನ್ನು ತಪ್ಪಿಸಿ ಹಿಟ್ಟು ಕೊಟ್ಟು, ಅದರಿಂದ ರೋಗಿಗೆ ಹಾನಿ ಆಗುವಂತಿದ್ದರೆ ಕಮಿಟಿ ಬಿಡಬಾರದು. ಬೆಳಗಾವಿಯ ಅಧ್ಯಯನದಲ್ಲೂ ಅರ್ಧ ಜನರಿಗೆ ಹಿಟ್ಟಿನ ಗುಳಿಗೆಯೇ ಬಂದಿತ್ತು. ಇಂಜೆಕ್ಷನ್ ಸಿಗದ ಜಾಗ ಅನ್ನುವುದು ಅದಕ್ಕೆ ಸಮರ್ಥನೆ. ಅದು ಸಾಕಾ ಅಂತ ಕೇಳಿದರೆ ನಾನು ಎರಡು ಸಲ ಯೋಚಿಸುತ್ತೇನೆ. ಇವತ್ತು ಅದೇ ಅಧ್ಯಯನಕ್ಕೆ ಅರ್ಜಿ ಬಂದರೆ ಕೈ ಎತ್ತುವುದಿಲ್ಲ. ಉತ್ತರ ಈಗ ಗೊತ್ತಿದೆಯಲ್ಲ.

ಸೇರಬೇಕು ಅಂತ ಕೇಳಿದಾಗ

"ದವಾಖಾನ್ಯಾಗ ನಮ್ಮ ಸೊಸಿಗೆ ಒಂದು ಫಾರ್ಮ್ ಕೊಟ್ಟಾರ. ನಾನು ಸಹಿ ಹಾಕ್ಲೋ ಬ್ಯಾಡೋ?"

ನೀವು ಹಾಕಬೇಡಿ ಅತ್ತೆಯವರೇ. ಮೈ ಅವಳದು, ಸಹಿಯೂ ಅವಳದೇ. ಕೂತು ಮಾತಾಡಿ, ಸಲಹೆ ಕೊಡಿ, ತೀರ್ಮಾನ ಅವಳಿಗೆ ಬಿಡಿ. ಅವಳಿಗೆ ಓದಲು ಬಾರದಿದ್ದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಎಲ್ಲವನ್ನೂ ಓದಿ ಹೇಳಬೇಕು. ಆಮೇಲೆ ಹೆಬ್ಬೆಟ್ಟು.

ಸಹಿಗೆ ಮೊದಲು ಇಷ್ಟು ಕೇಳಲು ಹೇಳಿ: ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ಸೇರಿದರೆ ಅದರಲ್ಲಿ ಏನು ಬದಲಾಗುತ್ತದೆ? ಎಷ್ಟು ಸಲ ಬರಬೇಕು, ಎಷ್ಟು ರಕ್ತ ತೆಗೆಯುತ್ತಾರೆ, ಬಸ್ ಚಾರ್ಜ್ ಯಾರದು? ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಲಿ? ಬೇಕಾದಾಗ ಬಿಟ್ಟು ಹೋಗಬಹುದಾ? ಕೊನೆಯದಕ್ಕೆ ಉತ್ತರ "ಹೌದು" ಅಂತಲೇ ಇರಬೇಕು. ಬಿಟ್ಟರೂ ಮಾಮೂಲಿ ಚಿಕಿತ್ಸೆ ತಪ್ಪಬಾರದು. ಫಾರ್ಮಿನ ಒಂದು ಪ್ರತಿ ಮನೆಗೆ ತರಲಿ. "ಮನೆಯಲ್ಲಿ ಕೇಳಿ ನಾಳೆ ಹೇಳುತ್ತೇನೆ" ಅನ್ನುವುದು ಅವಳ ಹಕ್ಕು. "ಈಗಲೇ ಹಾಕಬೇಕಮ್ಮ" ಅಂತ ಅವಸರ ಮಾಡಿದರೆ ಎದ್ದು ಬರಬಹುದು.

ಫಾರ್ಮಿನ ಭಾಷೆ ಬಗ್ಗೆಯೂ ಒಂದು ಮಾತು. ಕಮಿಟಿಯಲ್ಲಿ ನನ್ನ ಅರ್ಧ ಕೆಲಸವೇ ಅದಾಗಿತ್ತು. ಒಂದು ಫಾರ್ಮಿನಲ್ಲಿ "ತಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲೊಂದಕ್ಕೆ ನಿಯೋಜಿಸಲಾಗುವುದು" ಅಂತಿತ್ತು. ಹೊರಗೆ ಚಾ ತಂದುಕೊಡುತ್ತಿದ್ದ ಅಕ್ಕನನ್ನು ಕರೆದು ಓದಿಸಿದೆ. "ನೌಕರಿ ಕೊಡ್ತಾರೇನ್ರಿ?" ಅಂದಳು. ನಿಯೋಜಿಸಲಾಗುವುದು ಅಂದರೆ ಅವಳಿಗೆ ನೌಕರಿಯೇ. ಕೊನೆಗೆ "ಯಾವ ಗುಂಪು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತದೆ, ನೀವೂ ಆರಿಸುವಂತಿಲ್ಲ, ಡಾಕ್ಟರೂ ಆರಿಸುವಂತಿಲ್ಲ" ಅಂತ ಬದಲಿಸಿದೆವು. "5 ಮಿಲಿ ರಕ್ತ" ಅನ್ನುವ ಕಡೆ "ಒಂದು ಚಹಾ ಚಮಚದಷ್ಟು" ಅಂತ ಸೇರಿಸಿದೆವು. ಅಷ್ಟಕ್ಕೇ ಎಷ್ಟೋ ಜನರ ಭಯ ಹೋಗುತ್ತದೆ. ಸೀಸೆಗಟ್ಟಲೆ ರಕ್ತ ತೆಗೆಯುತ್ತಾರೆ ಅನ್ನುವ ಸುದ್ದಿ ಊರಲ್ಲಿ ಬೇಗ ಹಬ್ಬುತ್ತದೆ, ಅಲ್ವಾ?

"ಎಥಿಕ್ಸ್ ಕಮಿಟಿ ಅಂದ್ರ ಡಾಕ್ಟರರ ಗೆಳೆಯರ ಸಂಘ ಇರಬೇಕು?"

ಹಾಗೆ ಆಗಬಾರದು ಅಂತಲೇ ನಿಯಮ ಇದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕನಿಷ್ಠ ಏಳು ಜನ ಇರಬೇಕು. ಅರ್ಧದಷ್ಟಾದರೂ ಆ ಸಂಸ್ಥೆಗೆ ಸಂಬಂಧ ಇಲ್ಲದವರು. ಒಬ್ಬ ವಕೀಲರು ಅಥವಾ ಕಾನೂನು ಬಲ್ಲವರು, ಒಬ್ಬ ಹೆಣ್ಣುಮಗಳು, ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಅಧ್ಯಕ್ಷರು ಹೊರಗಿನವರು. ಇದು ಕಾಗದದ ಮೇಲಿನ ಮಾತು. ಕೋಣೆಯ ಒಳಗೆ, ಮೊದಲ ಎರಡು ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ ಅನ್ನುವುದನ್ನೂ ಹೇಳಬೇಕು. ಬಿಳಿ ಕೋಟಿನವರ ನಡುವೆ "ನನಗೆ ಇದು ತಿಳಿಯಲಿಲ್ಲ" ಅನ್ನಲು ನಾಚಿಕೆ. ಮೂರನೇ ಸಭೆಯಲ್ಲಿ ಕೇಳಿದೆ. ನೋಡಿದರೆ ಪಕ್ಕದ ವಕೀಲರಿಗೂ ತಿಳಿದಿರಲಿಲ್ಲ.

"ಏನಾರ ಹೆಚ್ಚುಕಡಿಮಿ ಆದ್ರ ಹೊಣೆ ಯಾರು?"

ಅಧ್ಯಯನದಿಂದ ತೊಂದರೆಯಾದರೆ ಅದನ್ನು ನಡೆಸುವವರು ಉಚಿತವಾಗಿ ಚಿಕಿತ್ಸೆ ಕೊಡಿಸಬೇಕು. ಅಂಗ ಊನವಾದರೆ, ಜೀವ ಹೋದರೆ ಪರಿಹಾರವನ್ನೂ ಕೊಡಬೇಕು. ಇದು ಅದೇ 2019ರ ನಿಯಮಗಳಲ್ಲಿದೆ. ನಿಮ್ಮ ಕೈಯಲ್ಲಿ ಫಾರ್ಮಿನ ಪ್ರತಿ ಇದ್ದರೆ ಕೇಳುವುದು ಸುಲಭ. ಅದನ್ನು ರೇಷನ್ ಕಾರ್ಡಿನ ಜೊತೆ ಇಡಿ.

"ಸೇರಿದ್ರ ರೊಕ್ಕ ಕೊಡ್ತಾರೇನ್ರಿ?"

ಓಡಾಟದ ಖರ್ಚು, ಆ ದಿನದ ಕೂಲಿ ಕೊಡಬಹುದು. ರೊಕ್ಕದ ಆಸೆಗೆ ಅಪಾಯ ಮರೆಯುವಷ್ಟು ಕೊಡಬಾರದು. ಎಷ್ಟು ಅನ್ನುವುದನ್ನು ಕಮಿಟಿಯೇ ಒಪ್ಪಬೇಕು.

ಫಿಸಿಕ್ಸ್ ಕಡೆ

"ಸರ್, ಗೋಲಗುಮ್ಮಟದಾಗ ಏಳು ಸಲ ಪ್ರತಿಧ್ವನಿ ಅಂತಾರ, ಹತ್ತು ಅಂತಾರ. ಖರೆ ಯಾವುದು?"

ನನ್ನ ಮೆಚ್ಚಿನ ಪ್ರಶ್ನೆ. ಉತ್ತರ ಉದ್ದ ಆದರೆ ಕ್ಷಮಿಸಿ.

ಒಂದು ವರ್ಷ ಬಿಎಸ್ಸಿ ಹುಡುಗರನ್ನು ಬೆಳಗ್ಗೆ ಮೊದಲ ಬಸ್ಸಿಗೆ ವಿಜಯಪುರಕ್ಕೆ ಕರೆದುಕೊಂಡು ಹೋದೆ. ಬಾಗಿಲು ತೆರೆದ ಕೂಡಲೇ ಮೇಲೆ ಹತ್ತಿದೆವು. ಒಬ್ಬ ಚಪ್ಪಾಳೆ ಹೊಡೆಯಬೇಕು, ಉಳಿದವರು ಒಬ್ಬರ ಚೀಟಿ ಒಬ್ಬರು ನೋಡದೆ ಎಷ್ಟು ಸಲ ಕೇಳಿತು ಅಂತ ಬರೆಯಬೇಕು. ಐದರಿಂದ ಹತ್ತರವರೆಗೆ ಎಲ್ಲ ಅಂಕಿಯೂ ಬಂದವು. ಗೈಡ್ ಹೇಳಿದ್ದನ್ನು ಕೇಳಿಸಿಕೊಂಡು ಬಂದಿದ್ದ ಇಬ್ಬರು ಮಾತ್ರ ಸರಿಯಾಗಿ ಏಳು ಬರೆದಿದ್ದರು! ಒಂಬತ್ತೂವರೆಗೆ ಒಂದು ಶಾಲೆಯ ಮಕ್ಕಳು ಕೂಗುತ್ತಾ ಹತ್ತಿ ಬಂದರು. ಆಮೇಲೆ ಯಾರಿಗೂ ಮೂರಕ್ಕಿಂತ ಜಾಸ್ತಿ ಎಣಿಸಲು ಆಗಲಿಲ್ಲ.

ಪ್ರತಿ ಸಲವೂ ಸದ್ದು ಕ್ಷೀಣಿಸುತ್ತದೆ. ಕೊನೆಯದು ಯಾವುದು ಅನ್ನುವುದು ಕಟ್ಟಡದ ಮೇಲೆ ಮಾತ್ರ ನಿಂತಿಲ್ಲ. ನಿಮ್ಮ ಕಿವಿ, ಚಪ್ಪಾಳೆಯ ಜೋರು, ಅಕ್ಕಪಕ್ಕದ ಗಲಾಟೆ ಎಲ್ಲ ಸೇರುತ್ತವೆ. ಹಾಗಾಗಿ "ಎಷ್ಟು ಸಲ" ಅನ್ನುವುದು ಒಳ್ಳೆಯ ಪ್ರಶ್ನೆ ಅಲ್ಲ. "ಸದ್ದು ಎಷ್ಟು ಹೊತ್ತಿಗೆ ತಿರುಗಿ ಬಂತು" ಅನ್ನುವುದು ಒಳ್ಳೆಯದು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಎದುರು ಗೋಡೆಗೆ ಹೋಗಿ ಬರಲು 76 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಅಂದರೆ ಸುಮಾರು 0.22 ಸೆಕೆಂಡ್. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಳೆಯಬಹುದು. ಡಿಸೆಂಬರ್ ಮುಂಜಾನೆ 15 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಇದ್ದರೆ ಸದ್ದಿನ ವೇಗ 340ರಿಂದ 355ಕ್ಕೆ ಏರುತ್ತದೆ. ಬಿಸಿಲು ಕೂಡ ನಿಮ್ಮ ಅಳತೆಯೊಳಗೆ ಕೈ ಹಾಕುತ್ತದೆ. ಅದನ್ನು ಬರೆದುಕೊಳ್ಳದಿದ್ದರೆ ಇಬ್ಬರ ಲೆಕ್ಕ ಹೊಂದುವುದೇ ಇಲ್ಲ.

ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಎದುರಿನವರಿಗೆ ಕೇಳುತ್ತದಲ್ಲ, ಅದು ಬೇರೆ ಚಮತ್ಕಾರ. ಸದ್ದು ಬಾಗಿದ ಗೋಡೆಗೆ ಅಂಟಿಕೊಂಡ ಹಾಗೆ ಸಾಗುತ್ತದೆ ಅಂತ ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ರೇಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ನೋಡಿ ವಿವರಿಸಿದರು. 1921ರಲ್ಲಿ ನಮ್ಮ ಸಿ.ವಿ. ರಾಮನ್ ಅಲ್ಲಿಗೇ ಹೋಗಿ ಸದರ್ಲ್ಯಾಂಡ್ ಅನ್ನುವವರ ಜೊತೆ ಪರೀಕ್ಷೆ ಮಾಡಿ, ಗೋಡೆಯಿಂದ ಒಳಗೆ ಸರಿದಂತೆ ಸದ್ದು ಒಂದೇ ಸಮ ಇಳಿಯುವುದಿಲ್ಲ, ಏರಿಳಿಯುತ್ತದೆ ಅಂತ ಕಂಡರು.

"ಫಿಸಿಕ್ಸ್ ಓದಿದವ್ರಿಗೆ ದವಾಖಾನ್ಯಾಗ ಏನ್ ಕೆಲಸ?"

ಕ್ಯಾನ್ಸರಿಗೆ ಕರೆಂಟ್ ಕೊಡುವುದು ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಆ ರೇಡಿಯೋಥೆರಪಿ ಇರುವ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್ ಇರಲೇಬೇಕು. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ನನ್ನ ಒಬ್ಬ ವಿದ್ಯಾರ್ಥಿನಿ ಈ ಕೆಲಸದಲ್ಲಿದ್ದಾಳೆ. ಅವಳು ನೀರು ತುಂಬಿದ ಪಾರದರ್ಶಕ ತೊಟ್ಟಿಯೊಳಗೆ ಬೆರಳಿನಷ್ಟು ಸಣ್ಣ ಅಳತೆಯ ಸಾಧನ ಇಳಿಬಿಟ್ಟು, ಯಂತ್ರದಿಂದ ಎಷ್ಟು ಕಿರಣ ಎಷ್ಟು ಆಳಕ್ಕೆ ಬರುತ್ತದೆ ಅಂತ ನೋಡುತ್ತಾಳೆ. ನಮ್ಮ ಮೈ ಬಹುಪಾಲು ನೀರೇ ಆದ್ದರಿಂದ ನೀರಿನ ತೊಟ್ಟಿಯೇ ಅವಳ ರೋಗಿ. ಈ ದಾರಿ ಹಿಡಿಯಬೇಕಾದರೆ ಎಂಎಸ್ಸಿ ಆದಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಬಹುದು. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ (ಬಿಎಆರ್‌ಸಿ) ಅದನ್ನು ಕಲಿಸುತ್ತಾರೆ.

"ಸ್ಕ್ಯಾನ್ ಮಾಡಿಸಿದ್ರ ರೇಡಿಯೇಷನ್‌ನಿಂದ ಕ್ಯಾನ್ಸರ್ ಬರತೈತಂತಲ್ರಿ?"

ಎಂಆರ್‌ಐ ಮತ್ತು ಸೋನೋಗ್ರಫಿಯಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ. ಎಂಆರ್‌ಐನಲ್ಲಿ ಇರುವುದು ಜೋರಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳು, ಹಾಗಾಗಿ ಅಲ್ಲಿ ಭಯಪಡಬೇಕಾದ್ದು ಜೇಬಿನ ಕೀಲಿಗೆ. ಎಕ್ಸ್‌ರೇ, ಸಿಟಿ ಲೆಕ್ಕ ಬೇರೆ. ಜಗತ್ತಿನ ಸರಾಸರಿ ನೋಡಿದರೆ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ಇದು ವಿಕಿರಣ ಅಳೆಯುವ ಮಾನ) ವಿಕಿರಣ ನೆಲ, ಗಾಳಿ, ಆಕಾಶದಿಂದಲೇ ಬರುತ್ತದೆ. ಎದೆಯ ಎಕ್ಸ್‌ರೇ ಸುಮಾರು 0.1, ಅಂದರೆ ಎರಡು ವಾರದಷ್ಟು. ಎದೆಯ ಸಿಟಿ ಅದರ ಐವತ್ತು, ಅರವತ್ತು ಪಟ್ಟು ಆಗಬಹುದು. ಡಾಕ್ಟರ್ ಬೇಕು ಅಂದಾಗ ಮಾಡಿಸಲೇಬೇಕು. "ಸುಮ್ನೆ ಒಮ್ಮೆ ಫುಲ್ ಬಾಡಿ ಮಾಡಿಸಿಬಿಡೋಣ" ಅನ್ನುವುದು ಬೇಡ.

"ಬೆಳಕಿಗಿಂತ ಜೋರು ಓಡುವ ಕಣ ಸಿಕ್ಕಿತು ಅಂತ ಪೇಪರಿನಲ್ಲಿ ಬಂದಿತ್ತು. ಆಮೇಲೆ ಸುದ್ದಿಯೇ ಇಲ್ಲ?"

2011ರ ಸೆಪ್ಟೆಂಬರ್. ಯುರೋಪಿನ ಕಣ ಭೌತಶಾಸ್ತ್ರದ ಲ್ಯಾಬ್ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೊವರೆಗೆ 730 ಕಿಲೋಮೀಟರ್ ನೆಲದೊಳಗೇ ಸಾಗಿದ ನ್ಯೂಟ್ರಿನೋಗಳು ಬೆಳಕಿಗಿಂತ 60 ನ್ಯಾನೋ ಸೆಕೆಂಡ್ ಮೊದಲೇ ಬಂದವು ಅಂತ ಆಪೆರಾ ತಂಡ ಹೇಳಿತು. "ನಮಗೂ ನಂಬಿಕೆ ಬರುತ್ತಿಲ್ಲ, ತಪ್ಪಿದ್ದರೆ ಹುಡುಕಿಕೊಡಿ" ಅನ್ನುವ ಧಾಟಿಯಲ್ಲೇ ಹೇಳಿತ್ತು. ಮುಂದಿನ ವರ್ಷ ತಪ್ಪು ಸಿಕ್ಕಿತು. ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್! ನಮ್ಮ ಮನೆಯ ಟಿವಿ ವೈರಿನ ಕಥೆಯೇ. 2023ರಲ್ಲಿ ಕೊರಿಯಾದಿಂದ ಎಲ್‌ಕೆ-99 ಅನ್ನುವ ಕಪ್ಪು ಚೂರು ಬಂತು, ಮಾಮೂಲಿ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ (ಕರೆಂಟಿಗೆ ತಡೆಯೇ ಒಡ್ಡದ ವಸ್ತು) ಅಂದರು. ಕೆಲವೇ ವಾರಗಳಲ್ಲಿ ಬೇರೆ ಬೇರೆ ಲ್ಯಾಬಿನವರು ಮಾಡಿ ನೋಡಿ, ಇದು ತಾಮ್ರದ ಸಲ್ಫೈಡ್ ಕಲಬೆರಕೆಯ ಆಟ ಅಂದರು. ಅಬ್ಬರದ ಸುದ್ದಿ ಮೊದಲ ಪುಟ, ತಿದ್ದುಪಡಿ ಎಲ್ಲೋ ಒಳಗೆ. ಅದಕ್ಕೇ ನಿಮಗೆ ಸುದ್ದಿ ಮುಟ್ಟಲಿಲ್ಲ.

ಓದಿ ಅಳೆಯುವವರಿಗೆ

"'ಅಪಾಯ ಅರ್ಧಕ್ಕೆ ಇಳಿಯಿತು' ಅಂತ ಬರೆದರೆ ನಂಬಬಹುದಾ?"

ಯಾವುದರ ಅರ್ಧ ಅಂತ ಕೇಳಿ. ಬೆಳಗಾವಿಯ ಅದೇ ಅಂಕಿ ನೋಡಿ. 100ಕ್ಕೆ 12 ಇದ್ದದ್ದು 6.4 ಆಯಿತು. ಅರ್ಧದಷ್ಟು ಇಳಿಕೆ ನಿಜ. ತಲೆ ಎಣಿಸಿ ಹೇಳಿದರೆ, ಸುಮಾರು 18 ಹೆಣ್ಣುಮಕ್ಕಳಿಗೆ ಗುಳಿಗೆ ಕೊಟ್ಟರೆ ಒಬ್ಬರಿಗೆ ಅತಿ ರಕ್ತಸ್ರಾವ ತಪ್ಪುತ್ತದೆ. ಇನ್ನೂ ಗಂಭೀರವಾದ, ಒಂದು ಲೀಟರಿನಷ್ಟು ರಕ್ತ ಹೋಗುವ ಪ್ರಕರಣ 1.2ರಿಂದ 0.2ಕ್ಕೆ ಇಳಿಯಿತು. "ಶೇಕಡಾ 80 ಇಳಿಕೆ" ಅಂತ ಬರೆಯಬಹುದು, "ನೂರಕ್ಕೆ ಒಬ್ಬರಿಗೆ ಅದು ತಪ್ಪಿತು" ಅಂತಲೂ ಬರೆಯಬಹುದು. ಎರಡೂ ಖರೆ. ಔಷಧ ಮಾರುವವರು ಮೊದಲನೆಯದನ್ನೇ ಹೇಳುತ್ತಾರೆ. ಅಗ್ಗದ, ಸುರಕ್ಷಿತ ಗುಳಿಗೆಗೆ ನೂರಕ್ಕೆ ಒಬ್ಬರು ಅನ್ನುವುದು ಬಹಳ ದೊಡ್ಡ ಮಾತು. ಲಕ್ಷ ರೂಪಾಯಿಯ ಇಂಜೆಕ್ಷನ್ ಆದರೆ ಯೋಚನೆ ಮಾಡಬೇಕು.

"ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಕಡಿಮೆ ಅಂತ ಒಂದು ಅಧ್ಯಯನ ಮಾಡಿದರೆ ಸಾಬೀತಾಯಿತು ಅಲ್ವಾ?"

ನನಗೂ ಸಾಬೀತಾಗಲಿ ಅಂತ ಆಸೆ, ಆದರೆ ಆಗುವುದಿಲ್ಲ. ದಿನಾ ಎರಡು ಹೊತ್ತು ರೊಟ್ಟಿ ತಿನ್ನುವವರಲ್ಲಿ ಹೊಲದಲ್ಲಿ ದುಡಿಯುವವರು ಜಾಸ್ತಿ ಇರಬಹುದು. ಇಡ್ಲಿ, ಬ್ರೆಡ್ಡಿಗೆ ಹೋದವರು ಆಫೀಸಿನ ಕುರ್ಚಿಯಲ್ಲಿ ಕೂತವರಿರಬಹುದು. ವ್ಯತ್ಯಾಸ ರೊಟ್ಟಿಯದ್ದಾ, ಕುಂಟೆ ಹೊಡೆದ ರಟ್ಟೆಯದ್ದಾ? ಬರೀ ನೋಡಿ ಬರೆದುಕೊಂಡ ಅಧ್ಯಯನ ಇದನ್ನು ಬಿಡಿಸಿ ಹೇಳಲಾರದು.

ಈ ಗುಂಡಿಗೆ ದೊಡ್ಡವರೂ ಬಿದ್ದಿದ್ದಾರೆ. ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನ್ ಕೊಟ್ಟರೆ ಹೃದಯಕ್ಕೆ ಒಳ್ಳೆಯದು ಅಂತ ವರ್ಷಗಟ್ಟಲೆ ಇಂಥ ಅಧ್ಯಯನಗಳು ಹೇಳಿದವು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ಚೀಟಿ ಎತ್ತಿ ಪರೀಕ್ಷೆ ಮಾಡಿದಾಗ ಉಲ್ಟಾ ಬಂತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಜಾಸ್ತಿಯಾದವು, ಹೃದಯಕ್ಕೂ ರಕ್ಷಣೆ ಸಿಗಲಿಲ್ಲ. 2002ರಲ್ಲಿ ಆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಹಾಗಂತ ನೋಡಿ ಬರೆಯುವ ಅಧ್ಯಯನ ಬೇಡವೇ ಬೇಡ ಅಂತಲ್ಲ. ಬೀಡಿ ಸಿಗರೇಟಿನ ಹಾನಿ ಗೊತ್ತಾದದ್ದು ಅದರಿಂದಲೇ. ಚೀಟಿ ಎತ್ತಿ ಯಾರಿಗೂ ಬೀಡಿ ಸೇದಿಸಲು ಆಗುವುದಿಲ್ಲವಲ್ಲ.

"ಇಲಿಯಲ್ಲಿ ಗುಣ ಆಯಿತು ಅಂದರೆ ನಮಗೂ ಆಗುತ್ತಾ?"

ಬಹಳ ಸಲ ಆಗುವುದಿಲ್ಲ. ತಲೆಬರಹದಲ್ಲಿ ಇಲಿ ಇಲ್ಲದಿದ್ದರೆ ಸುದ್ದಿಯ ಕೊನೆಯ ಸಾಲು ಓದಿ, ಅಲ್ಲಿ ಅಡಗಿರುತ್ತದೆ.

"ಸರ್, ಮೆಡಿಕಲ್‌ನವರಿಗೆ ಪಿ 0.05 ಸಾಕು, ನಮ್ಮ ಕಣ ಭೌತಶಾಸ್ತ್ರದವರಿಗೆ ಐದು ಸಿಗ್ಮಾ ಬೇಕು. ಯಾಕೆ ಈ ಭೇದ?"

ಎಂಎಸ್ಸಿ ಹುಡುಗನ ಪತ್ರದಿಂದ. ಟಾಸ್ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮ ಗೆಳೆಯನ ನಾಣ್ಯ ಮೋಸದ್ದು ಅಂತ ಅನುಮಾನ. ನಾಣ್ಯ ಸರಿಯಾಗೇ ಇದ್ದರೂ ಐದು ಸಲ ಸತತವಾಗಿ ಹೆಡ್ ಬೀಳುವ ಸಾಧ್ಯತೆ 32ರಲ್ಲಿ ಒಂದು. ಪಿ 0.05 ಅಂದರೆ 20ರಲ್ಲಿ ಒಂದು, ಹತ್ತಿರ ಹತ್ತಿರ ಅಷ್ಟೇ. ಐದು ಸಿಗ್ಮಾ ಅಂದರೆ ಸುಮಾರು 35 ಲಕ್ಷದಲ್ಲಿ ಒಂದು, ಸತತ 22 ಸಲ ಹೆಡ್ ಬಿದ್ದ ಹಾಗೆ. 2012ರ ಜುಲೈ 4ರಂದು ಹಿಗ್ಸ್ ಕಣ ಸಿಕ್ಕಿತು ಅಂತ ಹೇಳುವ ಮೊದಲು ಸರ್ನ್‌ನವರು ಅಷ್ಟಕ್ಕೆ ಕಾದರು.

ಕಾಯಲು ಅವರಿಗೆ ಆಗುತ್ತದೆ. ಪ್ರೋಟಾನುಗಳನ್ನು ಇನ್ನೊಂದು ವರ್ಷ ಡಿಕ್ಕಿ ಹೊಡೆಸಿದರೆ ಕರೆಂಟ್ ಬಿಲ್ ಬರುತ್ತದೆ, ಯಾರೂ ಸಾಯುವುದಿಲ್ಲ. ಜೊತೆಗೆ ಅವರು ಸಾವಿರಾರು ಕಡೆ ಒಟ್ಟಿಗೆ ಹುಡುಕುತ್ತಾರೆ. ಅಷ್ಟು ಕಡೆ ನೋಡಿದರೆ ಎಲ್ಲೋ ಒಂದು ಕಡೆ ಐದು ಹೆಡ್ ಬಿದ್ದೇ ಬೀಳುತ್ತದೆ. ಆಸ್ಪತ್ರೆಯಲ್ಲಿ ಪ್ರತಿ ಹೆಚ್ಚಿನ ಅಂಕಿಯೂ ಒಬ್ಬ ಮನುಷ್ಯ. ಗುಳಿಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗುತ್ತಾ ಬಂದಮೇಲೂ 22 ಹೆಡ್ಡಿಗೆ ಕಾಯುತ್ತಾ ಅರ್ಧ ಜನರಿಗೆ ಹಿಟ್ಟು ಕೊಡುವುದು ತಪ್ಪು. ಅದಕ್ಕೇ ದೊಡ್ಡ ಅಧ್ಯಯನಗಳಲ್ಲಿ ನಡುವೆ ಲೆಕ್ಕ ನೋಡಿ ನಿಲ್ಲಿಸಲು ಹೇಳುವ ಬೇರೆ ತಂಡವೇ ಇರುತ್ತದೆ.

ಒಂದು ಎಚ್ಚರಿಕೆ. ಪಿ 0.05 ಅಂದರೆ "ಔಷಧ ಕೆಲಸ ಮಾಡುವ ಸಾಧ್ಯತೆ ಶೇಕಡಾ 95" ಅಂತ ಅಲ್ಲ. ಔಷಧಕ್ಕೆ ಗುಣವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕೂ ದೊಡ್ಡ ವ್ಯತ್ಯಾಸ ಸುಮ್ನೆ ಬಂದುಬಿಡುವ ಸಾಧ್ಯತೆ 20ಕ್ಕೆ ಒಂದು ಅಂತ. ಇದನ್ನು ತಪ್ಪಾಗಿ ಹೇಳಿದ ಪ್ರೊಫೆಸರುಗಳನ್ನು ನಾನೇ ಕಂಡಿದ್ದೇನೆ. ಮೊದಲ ಹತ್ತು ವರ್ಷ ನಾನೂ ಹಾಗೇ ಪಾಠ ಮಾಡಿದ್ದೆ ಅನ್ನುವುದು ಬೇರೆ ಮಾತು. ಮತ್ತೆ, ಐದು ಸಿಗ್ಮಾ ಇದ್ದರೂ ಕೇಬಲ್ ಸಡಿಲ ಇದ್ದರೆ ಏನೂ ಪ್ರಯೋಜನ ಇಲ್ಲ. ಆಪೆರಾದವರದು ಆರು ಸಿಗ್ಮಾ ಇತ್ತು.

"ಫಲಿತಾಂಶ ಬರಲಿಲ್ಲ ಅಂದರೆ ಅಷ್ಟು ದುಡ್ಡು ನೀರಿಗೆ ಹಾಕಿದ ಹಾಗೆ ಅಲ್ವಾ?"

"ಕೆಲಸ ಮಾಡಲಿಲ್ಲ" ಅನ್ನುವುದೂ ಫಲಿತಾಂಶ. ಬೆಳಗಾವಿ, ನಾಗಪುರ ಸೇರಿ ಏಳು ದೇಶಗಳಲ್ಲಿ 29,278 ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧ ಜನರಿಗೆ ಹೆರಿಗೆ ಸಮಯದಲ್ಲಿ ಅಜಿಥ್ರೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ 2 ಗ್ರಾಂ ಒಂದೇ ಸಲ, ಉಳಿದವರಿಗೆ ಹಿಟ್ಟಿನ ಗುಳಿಗೆ ಕೊಟ್ಟು ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ತಾಯಂದಿರಲ್ಲಿ ನಂಜು ಅಥವಾ ಸಾವು 100ಕ್ಕೆ 2.4ರಿಂದ 1.6ಕ್ಕೆ ಇಳಿಯಿತು. ಮಕ್ಕಳಲ್ಲಿ? ಹಿಟ್ಟಿನ ಗುಳಿಗೆಯ ಕಡೆ 10.3, ಔಷಧದ ಕಡೆ 10.5. ಏನೂ ವ್ಯತ್ಯಾಸ ಇಲ್ಲ. ತಾಯಿಗೆ ಉಪಯೋಗ, ಮಗುವಿಗೆ ಇಲ್ಲ ಅಂತ ಎರಡನ್ನೂ ಬರೆದರು. ಮಗುವಿನ ಅಂಕಿ ಮುಚ್ಚಿಟ್ಟಿದ್ದರೆ ನಾಳೆ ಇನ್ಯಾರೋ ಮಗುವಿಗಾಗಿ ಅಂತಲೇ ಆ್ಯಂಟಿಬಯೋಟಿಕ್ ಬರೆಯುತ್ತಿದ್ದರು.

"ರೊಕ್ಕ ಕೊಟ್ರ ಯಾವ ಪೇಪರ್ ಬೇಕಾದ್ರೂ ಛಾಪಿಸ್ತಾರಂತ?"

ಅಂಥ ಅಂಗಡಿಗಳಿವೆ. "ಗೌರವಾನ್ವಿತ ಪ್ರೊಫೆಸರರೇ" ಅಂತ ಶುರುವಾಗಿ, ಮೂರು ದಿನದಲ್ಲಿ ಒಪ್ಪಿಗೆ, ಐದನೇ ದಿನ ಬ್ಯಾಂಕ್ ಖಾತೆ ನಂಬರ್. ನನಗೆ ಒಮ್ಮೆ ದಂತವೈದ್ಯದ ಪತ್ರಿಕೆಯಿಂದಲೂ ಲೇಖನ ಕೇಳಿ ಮೇಲ್ ಬಂದಿತ್ತು. ಒಳ್ಳೆಯ ಪತ್ರಿಕೆಗಳಲ್ಲೂ ಕೆಲವು ಶುಲ್ಕ ತೆಗೆದುಕೊಳ್ಳುತ್ತವೆ, ಅದರಿಂದಲೇ ತೀರ್ಮಾನ ಮಾಡಬೇಡಿ. ಪರಿಶೀಲಿಸಿದವರು ಏನಾದರೂ ತಪ್ಪು ತೋರಿಸಿದರಾ ಅಂತ ನೋಡಿ. ಒಂದೂ ಪ್ರಶ್ನೆ ಇಲ್ಲದೆ ಒಪ್ಪಿದರೆ ಓದಿಯೇ ಇಲ್ಲ ಅಂತ ಅರ್ಥ.

"ಇಷ್ಟೆಲ್ಲಾ ಹೇಳ್ತೀರಿ, ನೀವು ಯಾವುದರಾಗಾದ್ರೂ ಸೇರೀರೇನ್ರಿ?"

ಸೇರಿದ್ದೇನೆ. ಬಿಪಿಯ ಒಂದು ಅಧ್ಯಯನ. ಔಷಧ ಹೊಸದೇನಲ್ಲ, ಎರಡು ಹಳೆ ಗುಳಿಗೆಗಳಲ್ಲಿ ಯಾವುದು ಮೇಲು ಅನ್ನುವ ಲೆಕ್ಕ. ಮನೆಯವಳು ಫಾರ್ಮ್ ಎರಡು ಸಲ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ನಾಲ್ಕು ಪ್ರಶ್ನೆ ಬರೆದುಕೊಟ್ಟಳು. ಮೂರಕ್ಕೆ ಉತ್ತರ ಕೂಡಲೇ ಸಿಕ್ಕಿತು, ನಾಲ್ಕನೆಯದಕ್ಕೆ ಮರುದಿನ ಫೋನ್ ಬಂತು.

ಮೂರು ತಿಂಗಳಿಗೊಮ್ಮೆ ಹೋಗಬೇಕು. ಐದು ನಿಮಿಷ ಸುಮ್ಮನೆ ಕೂರಿಸುತ್ತಾರೆ. ಮಾತಾಡುವ ಹಾಗಿಲ್ಲ, ನನಗೆ ಅದೇ ಕಷ್ಟ. ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ. ಆಮೇಲೆ ಒಂದೊಂದು ನಿಮಿಷ ಬಿಟ್ಟು ಮೂರು ಸಲ ಪಟ್ಟಿ ಕಟ್ಟಿ ನೋಡುತ್ತಾರೆ. ಮೊನ್ನೆ 152 ಬಂತು. ಮೆಟ್ಟಿಲು ಹತ್ತಿ ಬಂದಿದ್ದೆ, "ಅದನ್ನು ಬಿಡವ್ವ, ಇನ್ನೊಮ್ಮೆ ನೋಡು" ಅಂದೆ. ನೋಡಿದಳು, 141. ಮೂರನೆಯದು 138. ಇಪ್ಪತ್ತೆರಡು ವರ್ಷದ ಹುಡುಗಿ, ನನ್ನ ಮೊಮ್ಮಗಳ ವಯಸ್ಸು. ಮೂರನ್ನೂ ಬರೆದುಕೊಂಡಳು. 152ನ್ನು ಮೊದಲು.